ಜನರ ಮುಂದೆ ಮಾತು ಹೊರಡದವರೇ ಸೇರಿ ಒಂದು ಗುಂಪು ಮಾಡಿಕೊಂಡರೆ? ನಮ್ಮ ಹದಿನಾಲ್ಕು ತಿಂಗಳು, ಮತ್ತೆ ಎರಡು ಪ್ರಶ್ನೆ

ಕೆರೆಏರಿ (ಮೈಸೂರು)

ಎಲ್ಲರಿಗೂ ನಮಸ್ಕಾರ. ಇಲ್ಲಿ ಮೂರು ವರ್ಷದಿಂದ ಓದ್ತಾ ಇದ್ದೀನಿ, ಬರೀತಿರೋದು ಇದೇ ಮೊದಲು. ಸ್ವಲ್ಪ ಉದ್ದ ಆಗುತ್ತೆ, ಬಿಡುವಿದ್ದಾಗ ಓದಿ.

ನನಗೆ 31 ವರ್ಷ. ಒಂದು ಖಾಸಗಿ ಕಂಪನಿಯಲ್ಲಿ ಲೆಕ್ಕಪತ್ರ ನೋಡಿಕೊಳ್ಳೋ ಕೆಲಸ. ಹೈಸ್ಕೂಲಿನಿಂದ ನನ್ನ ಜೊತೆಗಿರೋದಕ್ಕೆ ಸಾಮಾಜಿಕ ಆತಂಕ ಅಂತ ಹೆಸರಿದೆ ಅಂತ ಗೊತ್ತಾಗಿದ್ದು 28ನೇ ವಯಸ್ಸಲ್ಲಿ. ಅಲ್ಲೀವರೆಗೆ ಮನೇಲಿ 'ಸಂಕೋಚದ ಮುದ್ದೆ' ಅಂತಿದ್ದರು. ನೆಂಟರು 'ಹುಡುಗ ತುಂಬಾ ಸಾಧು' ಅಂತ ಹೊಗಳೋರು. ಸಾಧುತನ ಅಲ್ಲ ಅದು, ಹೆದರಿಕೆ.

ಹೇಗಿತ್ತು ಅಂತ ಒಂದೇ ಉದಾಹರಣೆ ಕೊಡ್ತೀನಿ. ಚಿಲ್ಲರೆ ಇಲ್ಲದಿದ್ದಾಗ ಕಂಡಕ್ಟರ್ ಟಿಕೆಟ್ ಹಿಂದೆ ಪೆನ್ನಲ್ಲಿ ಬಾಕಿ ಬರೆದು ಕೊಡ್ತಾರಲ್ಲ, ಇಳಿಯೋ ಹೊತ್ತಿಗೆ ಕೇಳಿ ಇಸ್ಕೋಬೇಕು. ನಾನು ಕೇಳ್ತಿರಲಿಲ್ಲ. ನನ್ನ ಸ್ಟಾಪ್ ಇನ್ನೂ ಎರಡು ಸ್ಟಾಪ್ ದೂರ ಇರುವಾಗಲೇ ಎದೆ ಹೊಡ್ಕೊಳ್ಳೋಕೆ ಶುರು. 'ಸಾರ್, ಚೇಂಜ್' ಅನ್ನೋ ಎರಡು ಪದವನ್ನ ಬಾಯೊಳಗೇ ಹತ್ತು ಸಲ ಹೇಳಿಕೊಳ್ಳೋದು. ಅವರು ಆ ಕಡೆ ತಿರುಗಿದ್ದರೆ ಮುಗೀತು, ಸುಮ್ಮನೆ ಇಳಿದುಬಿಡ್ತಿದ್ದೆ. ಆ ಟಿಕೆಟ್ ಎಸೆಯೋಕೂ ಮನಸ್ಸು ಬರ್ತಿರಲಿಲ್ಲ, ಮೇಜಿನ ಡ್ರಾಯರಿಗೆ ಹಾಕ್ತಿದ್ದೆ. ಒಂದು ದಿನ ತೆಗೆದು ಎಣಿಸಿದೆ. 23 ಟಿಕೆಟ್, ಹಿಂದೆ ಬರೆದಿದ್ದನ್ನೆಲ್ಲ ಕೂಡಿಸಿದರೆ 1,140 ರೂಪಾಯಿ. ಅವತ್ತೇ ಡಾಕ್ಟರ ಹತ್ತಿರ ಹೋಗೋ ತೀರ್ಮಾನ ಮಾಡಿದ್ದು.

ಚಿಕಿತ್ಸೆಯಿಂದ ಉಪಯೋಗ ಆಗಿದೆ, ಅದನ್ನ ಮೊದಲೇ ಹೇಳಿಬಿಡ್ತೀನಿ. ಆದರೆ ಆಪ್ತಸಮಾಲೋಚಕರು ಕೊಡ್ತಿದ್ದ ಹೋಂವರ್ಕ್ ಇದೆಯಲ್ಲ, ಅಂಗಡಿಗೆ ಹೋಗಿ ಏನಾದರೂ ಕೇಳಿ ತಗೊಳ್ಳದೇ ಬರೋದು, ದಾರೀಲಿ ಹೋಗೋರನ್ನ ಟೈಮ್ ಕೇಳೋದು, ಅದನ್ನ ಒಬ್ಬನೇ ಮಾಡೋಕೆ ಆಗ್ತಿರಲಿಲ್ಲ. ಅಂಗಡಿ ಮೆಟ್ಟಿಲವರೆಗೆ ಹೋಗಿ ವಾಪಸ್ ಬರ್ತಿದ್ದೆ. ಅಲ್ಲೇ ಕಾಯೋ ಜಾಗದಲ್ಲಿ ಇನ್ನೊಬ್ಬರು ಪ್ರತಿ ವಾರ ಗೋಡೆ ಕಡೆ ಮುಖ ಮಾಡ್ಕೊಂಡು ಕೂತಿರ್ತಿದ್ದರು, ನನ್ನ ಹಾಗೇ. ಆರನೇ ವಾರ ಅವರೇ ಒಂದು ಚೀಟಿ ಕೊಟ್ಟರು: 'ನಿಮಗೂ ಹೋಂವರ್ಕ್ ಬಾಕಿ ಇದೆಯಾ?'

ಹಾಗೆ ಶುರುವಾಗಿದ್ದು. ಈಗ ಐದು ಜನ ಇದ್ದೀವಿ. ಭಾನುವಾರ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಹತ್ತಿರ ಸೇರ್ತೀವಿ. ಮೊದಲನೇ ದಿನ ಇಪ್ಪತ್ತು ನಿಮಿಷ ಒಬ್ಬರೂ ಬಾಯಿ ಬಿಡಲಿಲ್ಲ, ಬೆಂಚಿನ ಮೇಲೆ ಸಾಲಾಗಿ ಕೂತು ನೀರು ನೋಡಿದ್ವಿ. ಆದರೆ ಆ ಮೌನ ನನ್ನನ್ನ ಹಿಂಸೆ ಮಾಡಲಿಲ್ಲ. ಬೇರೆಯವರ ಜೊತೆ ಮೌನ ಬಿದ್ದರೆ ತುಂಬೋ ಜವಾಬ್ದಾರಿ ನಂದೇ ಅನ್ನಿಸೋದು, ಇಲ್ಲಿ ಅನ್ನಿಸಲಿಲ್ಲ.

ನಾವು ಮಾಡೋದು ಇಷ್ಟೇ. ವಾರಕ್ಕೆ ಒಬ್ಬರಿಗೆ ಒಂದು ಕೆಲಸ. ಇಬ್ಬಿಬ್ಬರು ಹೋಗಬೇಕು. ಜೊತೆಗೆ ಹೋದವರು ಪಕ್ಕದಲ್ಲಿ ನಿಲ್ಲಬಹುದು, ಆದರೆ ಅವರ ಬದಲು ಮಾತಾಡೋ ಹಾಗಿಲ್ಲ. ಇದೊಂದು ನಿಯಮ ಮಾತ್ರ ಯಾವತ್ತೂ ಮುರಿದಿಲ್ಲ. ಹೋಗೋ ಮುಂಚೆ ಏನಾಗುತ್ತೆ ಅಂತ ಭಯ ಇದೆಯೋ ಅದನ್ನ ಚೀಟಿಯಲ್ಲಿ ಬರೆದು ಜೊತೆಗಾರರ ಕೈಗೆ ಕೊಡಬೇಕು. ನನ್ನ ಮೊದಲ ಕೆಲಸ, ದರ್ಶಿನಿಯಲ್ಲಿ ಎರಡನೇ ಸಲ ಚಟ್ನಿ ಕೇಳೋದು. ಚೀಟಿಯಲ್ಲಿ ಬರೆದಿದ್ದೆ: 'ಗದರಿಸ್ತಾನೆ. ಹಿಂದೆ ನಿಂತೋರು ನಗ್ತಾರೆ. ಧ್ವನಿ ಬರಲ್ಲ.' ಇಡ್ಲಿ ತಟ್ಟೆ ಹಿಡ್ಕೊಂಡು ಕೌಂಟರ್ ಹತ್ತಿರ ನಿಂತೆ. ಧ್ವನಿ ನಿಜವಾಗಲೂ ಬರಲಿಲ್ಲ. ತಟ್ಟೆ ಮುಂದೆ ಚಾಚಿದೆ ಅಷ್ಟೇ. ಅವನು ನನ್ನ ಮುಖ ಕೂಡ ನೋಡಲಿಲ್ಲ, ಇನ್ಯಾರ ಜೊತೆಗೋ ಮಾತಾಡ್ತಾ ಸೌಟಲ್ಲಿ ಎರಡು ಸಲ ಸುರಿದ. ವಾಪಸ್ ಬಂದಾಗ ಗೆಳೆಯ ಚೀಟಿ ಓದಿದ. 'ಮೂರರಲ್ಲಿ ಒಂದು ನಿಜ ಆಯ್ತು, ಆದರೂ ಚಟ್ನಿ ಸಿಕ್ತು' ಅಂದ. ಆ ಚೀಟಿ ಈಗ ಅದೇ ಡ್ರಾಯರಲ್ಲಿದೆ, ಟಿಕೆಟ್‌ಗಳ ಜೊತೆ.

ಈಗ ಎರಡು ಪ್ರಶ್ನೆ.

ಒಂದು. ನಮ್ಮಲ್ಲಿ ಇಬ್ಬರು ಭಾನುವಾರ ಮಾತ್ರ ಹೊರಗೆ ಬರ್ತಾರೆ. ನಮ್ಮ ಜೊತೆ ನಗ್ತಾರೆ, ಹರಟ್ತಾರೆ. ಸೋಮವಾರದಿಂದ ಮತ್ತೆ ಬಾಗಿಲು ಹಾಕ್ಕೋತಾರೆ. ಬಚ್ಚಿಟ್ಟುಕೊಳ್ಳೋಕೆ ಗುಂಪೇ ಒಂದು ಹೊಸ ಜಾಗ ಆಗ್ತಿದೆಯಾ?

ಎರಡು. ಅವರಲ್ಲಿ ಒಬ್ಬರು ರಾತ್ರಿ ಹೊತ್ತು 'ಬದುಕೋಕೇ ಬೇಜಾರಾಗಿದೆ' ಅಂತ ಮೆಸೇಜ್ ಹಾಕ್ತಾರೆ. ಮೊನ್ನೆ ಎರಡು ಗಂಟೆವರೆಗೆ ನಾನು ಎದ್ದು ಮಾತಾಡಿಸ್ತಾ ಇದ್ದೆ. ಹೀಗೆ ಎಷ್ಟು ದಿನ? ನಮಗೆ ಇದನ್ನ ನೋಡಿಕೊಳ್ಳೋ ಯೋಗ್ಯತೆ ಇದೆಯಾ?

---

ಮಂಗಳವಾರ_ಒಪಿಡಿ

ಎರಡನೇ ಪ್ರಶ್ನೆಗೆ ಮೊದಲು ಉತ್ತರ, ಉಳಿದಿದ್ದು ಆಮೇಲೆ ಬರೀತೀನಿ.

ನಾನು ಸರ್ಕಾರಿ ಆಸ್ಪತ್ರೆಯಲ್ಲಿ ಮನೋವೈದ್ಯಕೀಯ ಸಮಾಜ ಕಾರ್ಯಕರ್ತೆ. ದಯವಿಟ್ಟು ಇದನ್ನ ಒಬ್ಬರೇ ಹೊರಬೇಡಿ. ಇವತ್ತೇ ಅವರನ್ನ ಕೇಳಿ, ನೇರವಾಗಿ: 'ಸಾಯೋ ಯೋಚನೆ ಬರ್ತಿದೆಯಾ? ಏನಾದರೂ ಮಾಡಿಕೊಳ್ಳೋ ಯೋಚನೆ ಇದೆಯಾ?' ಹೀಗೆ ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತೆ ಅನ್ನೋದು ತಪ್ಪು ಕಲ್ಪನೆ, ಕೇಳಿದಾಗ ಹೆಚ್ಚಿನವರಿಗೆ ಹಗುರಾಗುತ್ತೆ. ಹೌದು ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಕರೆ ಮಾಡಿ, 14416. ಇಪ್ಪತ್ತನಾಲ್ಕು ಗಂಟೆ, ಉಚಿತ, ಕನ್ನಡದಲ್ಲೇ ಮಾತಾಡ್ತಾರೆ. ಕೈಯಲ್ಲಿ ವಿಷ, ಹಗ್ಗ, ಮಾತ್ರೆ ಅಂತ ಏನಾದರೂ ಇದ್ದರೆ 112ಕ್ಕೆ ಕರೆ ಮಾಡಿ, ಅವರ ಮನೆಯವರಿಗೆ ತಿಳಿಸಿ. ಗುಟ್ಟು ಕಾಪಾಡ್ತೀವಿ ಅಂತ ಮಾತು ಕೊಟ್ಟಿದ್ದರೂ ಇದೊಂದು ವಿಷಯಕ್ಕೆ ಆ ಮಾತು ಅನ್ವಯಿಸಲ್ಲ ಅಂತ ಗುಂಪಿನಲ್ಲಿ ಎಲ್ಲರಿಗೂ ಮುಂಚೆಯೇ ಹೇಳಿಡಿ.

ಇನ್ನೊಂದು. ಫೋನ್ ಅಂದರೆ ಕೈ ತಣ್ಣಗಾಗೋ ಜನಕ್ಕೆ ಸಹಾಯವಾಣಿ ನಂಬರ್ ಬರೆದು ಕೊಟ್ಟರೆ ಅವರು ಮಾಡಲ್ಲ. ನೀವು ಪಕ್ಕದಲ್ಲಿ ಕೂತು ಡಯಲ್ ಮಾಡಿ, 'ನನ್ನ ಗೆಳೆಯರು ಮಾತಾಡ್ತಾರೆ' ಅಂತ ಹೇಳಿ ಅವರ ಕೈಗೆ ಕೊಡಿ. ಜೊತೆಗಾರ ಅನ್ನೋನು ಬೇಕಾಗೋದು ಇಲ್ಲಿಗೆ. ರಾತ್ರಿ ಎರಡರವರೆಗೆ ಎದ್ದಿರೋಕಲ್ಲ.

---

ಗಿರಣಿಚಾಳ (ಹುಬ್ಬಳ್ಳಿ)

ನಮಸ್ಕಾರ್ರೀ. ನಿಮ್ಮ ಡ್ರಾಯರ್ ಕಥಿ ಓದಿ ಭಾಳ ಹೊತ್ತು ಸುಮ್ನ ಕುಂತೆ.

ನಂದು ಕೈ ನಡಗೋ ಸಮಸ್ಯಾ. ಯಾರರ ನೋಡ್ಲಿಕತ್ತಾರ ಅಂದ್ರ ಸಹಿ ಮಾಡ್ಲಿಕ್ಕೆ ಬರಂಗಿಲ್ಲ. ಸಹಿ ಕೂಡಂಗಿಲ್ಲ ಅಂತ ಬ್ಯಾಂಕಿನ್ಯಾಗ ಎರಡು ಸಲ ಚೆಕ್ ವಾಪಸ್ ಬಂದಾವ. ಮದುವಿ ಮನ್ಯಾಗ ಪಂಕ್ತಿಗೆ ಕುಂತ್ರ ಸಾರು ಕೈಯಿಂದ ಬಾಯಿಗೆ ಮುಟ್ಟೂ ತನಕ ಜೀವ ಹೋಗಿ ಬರ್ತಿತ್ತು. ಅದಕ್ಕ 'ಹೊಟ್ಟಿ ಸರಿ ಇಲ್ರಿ' ಅಂತ ಹೇಳಿ ಊಟ ಮಾಡ್ಲಾರದ ಬರ್ತಿದ್ದೆ. ನನ್ನ ತಂಗಿ ಮದುವ್ಯಾಗೂ ಹಂಗ ಮಾಡೇನಿ. ಅಕಿಗೆ ಇವತ್ತಿಗೂ ಗೊತ್ತಿಲ್ಲ ಯಾಕ ಅಂತ.

ನನಗ ಗುಂಪು ಇರ್ಲಿಲ್ಲ. ಒಬ್ಬ ದೋಸ್ತ ಇದ್ದ, ಆಫೀಸಿನಾಂವ. ಒಂದಿನ ಚಹಾ ಕುಡಿಯೂ ಮುಂದ ನನ್ನ ಕಪ್ಪು ನಡಗೂದು ನೋಡಿ ಏನೂ ಅನ್ಲಿಲ್ಲ. ಮರುದಿನ ತಾನಾಗೇ ಹೇಳಿದ, 'ನನಗ ಮಂದಿ ಮುಂದ ಫೋನ್ ಎತ್ತಲಿಕ್ಕೆ ಆಗೂದಿಲ್ಲೋ, ಅದಕ್ಕ ಪ್ರತಿ ಸಲ ಹೊರಗ ಹೋಗ್ತೀನಿ' ಅಂತ. ಆರು ವರ್ಷ ಬಾಜೂಕ ಕುಂತು ಕೆಲಸ ಮಾಡೇವಿ, ಒಬ್ಬರದು ಒಬ್ಬರಿಗೆ ಗೊತ್ತಿರ್ಲಿಲ್ಲ ನೋಡ್ರಿ.

ಅವತ್ತಿನಿಂದ ಕರಾರು ಮಾಡ್ಕೊಂಡ್ವಿ. ದಿನಾ ಚಹಾದ ಹೊತ್ತಿನ್ಯಾಗ ನಾ ಅವನ ಮುಂದ ರದ್ದಿ ಹಾಳ್ಯಾಗ ಹತ್ತು ಸಹಿ ಮಾಡೂದು, ಅಂವ ನನ್ನ ಮುಂದ ಒಂದು ಫೋನ್ ಮಾಡೂದು. ಒಂದು ತಿಂಗಳಾದ ಮ್ಯಾಲೆ ಅಂವ ಅಂದ, 'ಇವತ್ತು ಬೇಕಂತ ಕೈ ನಡಗಿಸಿ ಸಹಿ ಮಾಡು.' ಮಾಡಿದೆ. ಬೇಕಂತ ನಡಗಿಸಿದ್ರ ಹೆದರಿಕಿ ಎಲ್ಲಿ ಹೋಗ್ತದೋ ಗೊತ್ತಿಲ್ರಿ, ಅವತ್ತು ಸಹಿ ಚಲೋ ಬಂತು.

ಪೂರ್ತಿ ಹೋಗೇದ ಅನ್ನಂಗಿಲ್ಲ. ಹೋದ ತಿಂಗಳ ಒಂದು ಮದುವ್ಯಾಗ ಪಂಕ್ತಿಗೆ ಕುಂತು ಉಂಡೆ. ಸಾರು ಅಂಗಿ ಮ್ಯಾಲೆ ಬಿತ್ತು. ಬಿದ್ದದ್ದು ಒರಸ್ಕೊಂಡು ಮತ್ತ ಉಂಡೆ.

---

ಒಂಟಿಮರ

ಎಲ್ಲರೂ ಚೆನ್ನಾಗಿರೋದನ್ನೇ ಬರೀತಿದ್ದೀರ, ನಾನು ನನಗೆ ಆದದ್ದು ಹೇಳಬೇಕು.

ಕೋವಿಡ್ ಸಮಯದಲ್ಲಿ ಇಂಥದ್ದೇ ಒಂದು ಮೊಬೈಲ್ ಗುಂಪಿಗೆ ಸೇರಿದ್ದೆ. ಇನ್ನೂರಕ್ಕೂ ಹೆಚ್ಚು ಜನ. ಮೊದಲ ವಾರ ಸ್ವರ್ಗ, 'ಅಯ್ಯೋ ನನ್ನಂಥೋರು ಇಷ್ಟು ಜನ ಇದ್ದಾರಾ' ಅಂತ. ಒಂದೂವರೆ ವರ್ಷ ಅಲ್ಲಿದ್ದೆ. ಆ ಒಂದೂವರೆ ವರ್ಷದಲ್ಲಿ ನನ್ನ ಜೀವನದಲ್ಲೇ ಅತಿ ಕಡಿಮೆ ಹೊರಗೆ ಹೋಗಿದ್ದು. ಇಂಟರ್‌ವ್ಯೂಗೆ ಹೋಗಲಿಲ್ಲ ಅಂತ ಬರೆದರೆ ನಲವತ್ತು ಹೃದಯ ಚಿಹ್ನೆ. 'ನೀವು ನಿಮ್ಮ ಬಗ್ಗೆ ಕಾಳಜಿ ಮಾಡಿಕೊಂಡಿರಿ, ಒಳ್ಳೇದು' ಅಂತ. ಹೋಗಿ ಬಂದೆ, ಕೆಟ್ಟದಾಗಿ ಆಯ್ತು ಅಂತ ಬರೆದರೆ ಒಬ್ಬರೋ ಇಬ್ಬರೋ. ಯಾವುದಕ್ಕೆ ಹೆಚ್ಚು ಪ್ರೀತಿ ಸಿಗುತ್ತೋ ಮನಸ್ಸು ಅದನ್ನೇ ಕಲಿಯುತ್ತೆ. ರಾತ್ರಿ ಎಲ್ಲ ಇನ್ಯಾರದೋ ಸಂಕಟ ಓದಿ ಬೆಳಿಗ್ಗೆ ಏಳೋಕೆ ಆಗ್ತಿರಲಿಲ್ಲ. ಅಲ್ಲಿ ಒಬ್ಬ ತನಗೆ ಡಾಕ್ಟರ್ ಕೊಟ್ಟ ಮಾತ್ರೆಯ ಹೆಸರು ಹಾಕಿ 'ನೀವೂ ತಗೊಳ್ಳಿ, ಕೈ ನಡುಕ ನಿಲ್ಲುತ್ತೆ' ಅಂದ. ನನಗೆ ಅಸ್ತಮಾ ಇದೆ. ತಗೊಂಡಿದ್ದರೆ ಏನಾಗ್ತಿತ್ತು ಅಂತ ಆಮೇಲೆ ನನ್ನ ವೈದ್ಯರು ಹೇಳಿದಾಗ ಮೈ ಬೆವರಿತು.

ಕೆರೆಏರಿ ಅವರೇ, ನಿಮ್ಮ ಮೊದಲ ಪ್ರಶ್ನೆಗೆ ನನ್ನ ಉತ್ತರ: ಹೌದು, ಆಗುತ್ತೆ. ಗುಂಪು ಬಚ್ಚಿಟ್ಟುಕೊಳ್ಳೋ ಜಾಗ ಆಗಿಯೇ ಆಗುತ್ತೆ, ಯಾರಾದರೂ ತಡೆಯದೇ ಹೋದರೆ.

---

ನಿರ್ವಾಹಕರು

ನೆನಪಿರಲಿ: ಮಾತ್ರೆಗಳ ಪ್ರಮಾಣ, ಸ್ವಂತ ಫೋನ್ ನಂಬರ್, ವಿಳಾಸ ಇಲ್ಲಿ ಹಾಕಬೇಡಿ. ಸೇರೋ ವಿಷಯ ಇದ್ದರೆ ಖಾಸಗಿ ಸಂದೇಶದಲ್ಲಿ ಮಾತಾಡಿಕೊಳ್ಳಿ. ಚರ್ಚೆ ಮುಂದುವರಿಯಲಿ.

---

ಮಂಗಳವಾರ_ಒಪಿಡಿ

ಡ್ಯೂಟಿ ಮುಗಿಸಿ ಬಂದೆ. ಒಂಟಿಮರ ಅವರ ಮಾತಿಗೆ ಪೂರ್ತಿ ಒಪ್ಪಿಗೆ ಇದೆ. ಆದರೂ ಗುಂಪು ಬೇಡ ಅನ್ನೋ ತೀರ್ಮಾನಕ್ಕೆ ಹೋಗಬೇಡಿ. ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳ್ತೀನಿ.

ಈ ತೊಂದರೆ ಹೇಗೆ ಉಳಿದುಕೊಳ್ಳುತ್ತೆ ಅನ್ನೋದಕ್ಕೆ 1995ರಲ್ಲಿ ಕ್ಲಾರ್ಕ್ ಮತ್ತು ವೆಲ್ಸ್ ಅನ್ನೋ ಇಬ್ಬರು ಮನಶ್ಶಾಸ್ತ್ರಜ್ಞರು ಒಂದು ವಿವರಣೆ ಕೊಟ್ಟರು. ಈಗಲೂ ಚಿಕಿತ್ಸೆಯಲ್ಲಿ ಅದನ್ನೇ ಬಳಸ್ತೀವಿ. ಜನರ ನಡುವೆ ಹೋದ ಕೂಡಲೇ ನಮ್ಮ ಗಮನ ಎದುರಿನವರ ಮೇಲಿಂದ ನಮ್ಮ ಮೇಲೆ ತಿರುಗುತ್ತೆ. ಮುಖ ಕೆಂಪಾಯ್ತಾ, ಧ್ವನಿ ನಡುಗ್ತಾ, ಬೆವರು ಕಾಣ್ತಾ ಅಂತ ಒಳಗೇ ಒಂದು ಕ್ಯಾಮೆರಾ ಇಟ್ಟುಕೊಂಡ ಹಾಗೆ. ಒಳಗೆ ಎಷ್ಟು ಕೆಟ್ಟದಾಗಿ ಅನ್ನಿಸುತ್ತೋ ಹೊರಗೂ ಅಷ್ಟೇ ಕೆಟ್ಟದಾಗಿ ಕಾಣ್ತಿದೆ ಅಂತ ನಂಬಿಬಿಡ್ತೀವಿ. ಅದನ್ನ ಮುಚ್ಚೋಕೆ ಸಣ್ಣ ಸಣ್ಣ ರಕ್ಷಣೆ ಮಾಡ್ಕೋತೀವಿ: ಲೋಟ ಎರಡೂ ಕೈಯಲ್ಲಿ ಹಿಡಿಯೋದು, ಮೊಬೈಲ್ ನೋಡೋ ಹಾಗೆ ನಟಿಸೋದು, ವಾಕ್ಯ ಬಾಯಿಪಾಠ ಮಾಡಿಕೊಂಡು ಹೋಗೋದು, ಕೊನೇ ಕುರ್ಚಿ ಹುಡುಕೋದು. ಏನೂ ಅನಾಹುತ ಆಗದೇ ಇದ್ದರೆ 'ಎರಡು ಕೈಯಲ್ಲಿ ಹಿಡಿದಿದ್ದಕ್ಕೆ ಬಚಾವಾದೆ' ಅಂತ ಮನಸ್ಸು ಲೆಕ್ಕ ಹಾಕುತ್ತೆ. ಹಾಗಾಗಿ ನೂರು ಮದುವೆಗೆ ಹೋಗಿ ಬಂದರೂ ಭಯ ಇಳಿಯಲ್ಲ. ಆಮೇಲೆ ರಾತ್ರಿ ಹಾಸಿಗೆಯಲ್ಲಿ ಅದೇ ಘಟನೆಯನ್ನ ಮೊದಲಿಂದ ಕೊನೇವರೆಗೆ ತಿರುಗಿಸಿ ತಿರುಗಿಸಿ ನೋಡೋದು, ಪ್ರತಿ ಸಲ ಇನ್ನೂ ಸ್ವಲ್ಪ ಕೆಟ್ಟದಾಗಿ.

ಈಗ ನೋಡಿ, ನಿಮ್ಮ ಚೀಟಿ ಏನು ಮಾಡ್ತು ಅಂತ. ಹೋಗೋ ಮುಂಚೆಯೇ ಭವಿಷ್ಯ ಬರೆದು ಇನ್ನೊಬ್ಬರ ಕೈಗೆ ಕೊಟ್ಟಿರಿ. ವಾಪಸ್ ಬಂದಾಗ ಮನಸ್ಸು ಕಥೆ ಬದಲಾಯಿಸೋಕೆ ಆಗಲಿಲ್ಲ, ಯಾಕೆಂದರೆ ಸಾಕ್ಷಿ ಇದ್ದರು. ರಾತ್ರಿ ಹಾಸಿಗೆಯ ವಿಚಾರಣೆಗೆ ಎದುರಾಗಿ ನಿಲ್ಲೋ ಸಾಕ್ಷಿ. ಇದನ್ನ ನಾನು ವಾರಕ್ಕೊಮ್ಮೆ ಅರ್ಧ ಗಂಟೆ ಸಿಗೋ ಒಪಿಡಿಯಲ್ಲಿ ಕೊಡೋಕೆ ಆಗಲ್ಲ. ಗಿರಣಿಚಾಳ ಅವರ ದೋಸ್ತ 'ಬೇಕಂತ ನಡಗಿಸು' ಅಂದಿದ್ದು ಕೂಡ ಚಿಕಿತ್ಸಕರು ಹೇಳಿಕೊಡೋ ಅಭ್ಯಾಸವೇ. ಅವರು ಎಲ್ಲೂ ಓದದೇ ಕಂಡುಕೊಂಡಿದ್ದಾರೆ, ನನಗೆ ಆಶ್ಚರ್ಯ ಆಯ್ತು.

ಜನ ನಮ್ಮನ್ನ ಎಷ್ಟು ನೋಡ್ತಾರೆ ಅನ್ನೋದಕ್ಕೆ 2000ದಲ್ಲಿ ಪ್ರಕಟವಾದ ಒಂದು ಅಧ್ಯಯನ ನನಗಿಷ್ಟ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ್ದು. ಮುಜುಗರ ಆಗೋಂಥ ಗಾಯಕನ ಚಿತ್ರ ಇರೋ ಟೀ ಶರ್ಟ್ ಹಾಕಿಸಿ ವಿದ್ಯಾರ್ಥಿಗಳನ್ನ ಒಂದು ಕೋಣೆಗೆ ಕಳಿಸಿದರು. ಅಲ್ಲಿರೋರಲ್ಲಿ ಹತ್ತಿರ ಹತ್ತಿರ ಅರ್ಧ ಜನ ಗಮನಿಸಿರ್ತಾರೆ ಅಂತ ಹಾಕಿಕೊಂಡವರ ಅಂದಾಜು. ನಿಜವಾಗಿ ಗಮನಿಸಿದ್ದು ಅದರ ಅರ್ಧದಷ್ಟು ಜನ. ಅವರೆಲ್ಲ ಮಾಮೂಲಿ ವಿದ್ಯಾರ್ಥಿಗಳು, ನಮ್ಮ ತೊಂದರೆ ಇದ್ದವರಲ್ಲ. ನಮ್ಮ ಅಂದಾಜು ಇನ್ನೆಷ್ಟು ಉಬ್ಬಿರುತ್ತೆ ಯೋಚಿಸಿ.

ಗುಂಪಿನಲ್ಲಿ ಚಿಕಿತ್ಸೆ ಕೊಡೋದು ಹೊಸದೇನಲ್ಲ. ಅಮೆರಿಕದ ಹೈಂಬರ್ಗ್ ಅನ್ನೋ ತಜ್ಞರು ರೂಪಿಸಿದ ಪದ್ಧತಿಯಲ್ಲಿ ಆರು ಜನರ ಗುಂಪು, 12 ವಾರ, ವಾರಕ್ಕೆ ಎರಡೂವರೆ ಗಂಟೆ. ಆದರೆ ಅದನ್ನ ನಡೆಸೋರು ತರಬೇತಾದ ಚಿಕಿತ್ಸಕರು, ನಿಮ್ಮದು ಅದಲ್ಲ, ಈ ವ್ಯತ್ಯಾಸ ಮರೆಯಬೇಡಿ. ಇಂಗ್ಲೆಂಡಿನ ನೈಸ್ ಸಂಸ್ಥೆ 2013ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲಿ ವಯಸ್ಕರಿಗೆ ಮೊದಲು ಕೊಡಬೇಕು ಅಂದಿರೋದು ಒಬ್ಬೊಬ್ಬರಿಗೇ ಕೊಡೋ ಸಿಬಿಟಿ, ಅಂದರೆ ಯೋಚನೆ, ನಡವಳಿಕೆ ಎರಡನ್ನೂ ಬದಲಾಯಿಸೋಕೆ ಮಾತಿನ ಮೂಲಕ ಕೊಡೋ ಚಿಕಿತ್ಸೆ. ಹಾಗಾಗಿ ನನ್ನ ಅಭಿಪ್ರಾಯ: ಜೊತೆಗಾರರು ಚಿಕಿತ್ಸೆಗೆ ಬದಲಿ ಅಲ್ಲ. ಚಿಕಿತ್ಸೆಗೂ ಬೀದಿಗೂ ನಡುವೆ ಇರೋ ದೂರದಲ್ಲಿ ಜೊತೆ ನಡೆಯೋರು. ಅಂಗಡಿ ಮೆಟ್ಟಿಲಿಂದ ಕೌಂಟರಿಗೆ ಇರೋ ಮೂರು ಹೆಜ್ಜೆ ಅಂತಲೇ ಅಂದುಕೊಳ್ಳಿ.

ಚಿಕಿತ್ಸೆ ಎಲ್ಲಿ ಅಂತ ಕೇಳೋರಿಗೆ: ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್, ಜಿಲ್ಲಾಸ್ಪತ್ರೆ, ಮೆಡಿಕಲ್ ಕಾಲೇಜುಗಳ ಮನೋವೈದ್ಯ ವಿಭಾಗ. ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರೋ ಮನೋಚೈತನ್ಯ ಕಾರ್ಯಕ್ರಮ ಇದೆ, ನಿಮ್ಮ ಊರಿಗೆ ಯಾವ ವಾರ ಅಂತ ಆಸ್ಪತ್ರೆಯಲ್ಲೇ ಕೇಳಿ. ಕೇಳೋಕೆ ಭಯ ಆದರೆ ಜೊತೆಗೆ ಒಬ್ಬರನ್ನ ಕರ್ಕೊಂಡು ಹೋಗಿ.

---

ಕಡಲತಡಿ (ಊರು ಕುಂದಾಪುರ, ಈಗ ಬೆಂಗಳೂರು)

ಒಂದು ವಿಷಯ ಯಾರೂ ಹೇಳಲಿಲ್ಲ. ಕೆರೆ ಹತ್ತಿರ ಗುರುತಿಲ್ಲದವರ ಜೊತೆ ಹೋಗಿ ಕೂರೋದು ಗಂಡಸರಿಗೆ ಸುಲಭ. ನಾನು ಹಾಗೆ ಹೋಗೋಕೆ ಆಗಲ್ಲ, ಹೋಗಲೂಬಾರದು. ಆತಂಕ ಇರೋ ಹೆಣ್ಣುಮಕ್ಕಳಿಗೆ 'ಬೇಡ' ಅನ್ನೋದೇ ಕಷ್ಟ. ಅದನ್ನ ದುರುಪಯೋಗ ಮಾಡೋರು ಇಂಥ ಗುಂಪುಗಳಲ್ಲಿ ಇದ್ದೇ ಇರ್ತಾರೆ. ಮೊದಲು ಸೇರಿದ್ದ ಒಂದು ಗುಂಪಿನಲ್ಲಿ 'ಸಹಾಯ ಮಾಡ್ತೀನಿ' ಅಂತ ಒಬ್ಬರು ದಿನಾ ಮೆಸೇಜ್ ಮಾಡ್ತಿದ್ದರು, ನಿಲ್ಲಿಸಿ ಅನ್ನೋಕೆ ನನಗೆ ಮೂರು ತಿಂಗಳು ಬೇಕಾಯ್ತು.

ಈಗ ನಾವು ಮೂವರು ಹುಡುಗಿಯರು. ಇಬ್ಬರು ಒಂದೇ ಪೀಜಿ, ಒಬ್ಬಳು ನನ್ನ ಹಳೇ ಕಾಲೇಜು ಗೆಳತಿ. ಮೂವರೂ ಸಾಫ್ಟ್‌ವೇರ್. ನಮಗೆ ಬೆಳಗಿನ ಸ್ಟ್ಯಾಂಡಪ್ ಮೀಟಿಂಗೇ (ಒಬ್ಬೊಬ್ಬರಾಗಿ ತಮ್ಮ ಕೆಲಸ ಎಲ್ಲಿಗೆ ಬಂತು ಅಂತ ತಂಡದ ಮುಂದೆ ಹೇಳೋದು) ದಿನದ ಗಂಡಾಂತರ. ಹತ್ತೂವರೆಗೆ ಒಂದೂವರೆ ನಿಮಿಷ ಮಾತಾಡೋಕೆ ಏಳು ಗಂಟೆಯಿಂದ ಹೊಟ್ಟೆ ತೊಳಸೋದು. ನಾನು ಹನ್ನೆರಡನೇ ತರಗತಿವರೆಗೆ ಕನ್ನಡ ಮಾಧ್ಯಮ. ಇಂಗ್ಲಿಷಲ್ಲಿ ಒಂದು ತಪ್ಪು ಮಾಡಿದರೆ ಎಲ್ಲರಿಗೂ ನನ್ನ ಊರು, ಶಾಲೆ, ಮನೆ ಎಲ್ಲ ಗೊತ್ತಾಗಿಬಿಡುತ್ತೆ ಅನ್ನೋ ಭಯ. ಇದು ಬರೀ ಮನಸ್ಸಿನ ರೋಗ ಅಂತ ನಾನು ಒಪ್ಪಲ್ಲ. ತಪ್ಪು ಇಂಗ್ಲಿಷಿಗೆ ನಗೋರು ನಿಜವಾಗಲೂ ಇದ್ದಾರೆ, ನಕ್ಕಿದ್ದಾರೆ.

ನಾವು ಮಾಡೋದು: ಮೀಟಿಂಗ್ ಮುಗಿದ ಮೇಲೆ ಹತ್ತು ನಿಮಿಷ ಫೋನು. 'ಹೇಗಾಯ್ತು' ಅಂತ ಕೇಳೋದಿಲ್ಲ. ಕೇಳಿದರೆ ನಾನು ಹೇಗೆ ಎಡವಿದೆ ಅಂತಲೇ ಹೇಳ್ತೀನಿ. ಅದಕ್ಕೆ ಕೇಳೋ ಪ್ರಶ್ನೆ 'ಬೇರೆಯವರು ಏನು ಹೇಳಿದ್ರು?' ಮೊದಲ ವಾರ ಮೂವರಿಗೂ ಉತ್ತರ ಗೊತ್ತಿರಲಿಲ್ಲ. ಅಷ್ಟು ಜನ ಮಾತಾಡಿದ್ದರು, ಒಬ್ಬರ ಮಾತೂ ಕಿವಿಗೆ ಬಿದ್ದಿರಲಿಲ್ಲ. ಈಗ ಉತ್ತರ ಹೇಳಬೇಕಲ್ಲ ಅಂತ ಕಿವಿಗೊಟ್ಟು ಕೇಳ್ತೀವಿ, ಕೇಳ್ತಾ ಇದ್ದರೆ ನನ್ನ ಎದೆಬಡಿತ ಎಣಿಸೋಕೆ ಪುರುಸೊತ್ತು ಸಿಗಲ್ಲ. ಮೇಲೆ ಅಕ್ಕ ಹೇಳಿದ 'ಒಳಗಿನ ಕ್ಯಾಮೆರಾ' ಓದಿದಾಗ ಅರ್ಥ ಆಯ್ತು, ನಾವು ಮಾಡ್ತಿರೋದು ಯಾಕೆ ಕೆಲಸ ಮಾಡ್ತಿದೆ ಅಂತ.

---

ಹೊರನಾಡ ಹಕ್ಕಿ (ಜಪಾನ್)

ಕನ್ನಡದಲ್ಲಿ ಈ ವಿಷಯ ಓದಿ ಖುಷಿ ಆಯ್ತು. ಗಂಡನ ಕೆಲಸದ ಮೇಲೆ ಇಲ್ಲಿ ಎಂಟು ವರ್ಷದಿಂದ ಇದ್ದೇನೆ.

ಇಲ್ಲಿ ಇದಕ್ಕೆ ಹತ್ತಿರದ ಒಂದು ತೊಂದರೆಗೆ 'ತೈಜಿನ್ ಕ್ಯೋಫುಶೋ' ಅಂತಾರೆ. ಜನ ನನ್ನನ್ನು ನೋಡಿ ನಗುತ್ತಾರೆ ಅನ್ನುವುದಕ್ಕಿಂತ ನನ್ನ ನೋಟದಿಂದ, ಮುಖದಿಂದ, ಮೈವಾಸನೆಯಿಂದ ಎದುರಿನವರಿಗೆ ತೊಂದರೆ ಆಗುತ್ತೆ ಅನ್ನುವ ಭಯ. ಇದಕ್ಕೆ ಮೊರಿತಾ ಅನ್ನುವ ವೈದ್ಯರು ನೂರು ವರ್ಷದ ಹಿಂದೆಯೇ ಒಂದು ಚಿಕಿತ್ಸೆ ರೂಪಿಸಿದರು. ಭಯ ಹೋದ ಮೇಲೆ ಕೆಲಸ ಮಾಡ್ತೀನಿ ಅಂತ ಕಾಯಬೇಡ, ಭಯ ಇದ್ದ ಹಾಗೇ ಇರಲಿ, ಕೈಗೆ ಬಂದ ಕೆಲಸ ಮಾಡು ಅನ್ನುವುದು ಅದರ ತಿರುಳು. 'ಅರುಗಮಾಮ' ಅನ್ನುತ್ತಾರೆ, ಇದ್ದದ್ದು ಇದ್ದ ಹಾಗೆ. ಆ ದಾರಿ ಹಿಡಿದವರೇ ಸೇರಿ 1970ರಲ್ಲಿ 'ಸೇಕಾತ್ಸು ನೊ ಹಕ್ಕೆನ್‌ಕಾಯ್' ಅನ್ನುವ ಪರಸ್ಪರ ನೆರವಿನ ಕೂಟ ಕಟ್ಟಿದರು. ತೊಂದರೆ ಅನುಭವಿಸಿದವರೇ ಹೊಸಬರಿಗೆ ಹೇಳಿಕೊಡುವ ಪದ್ಧತಿ. ಇದನ್ನು ಹೇಳಿದ್ದು ಯಾಕೆಂದರೆ, ನಮ್ಮವರು 'ಇವರೇ ಹೆದರಿದೋರು, ಇವರೇನು ಇನ್ನೊಬ್ಬರಿಗೆ ಧೈರ್ಯ ಹೇಳ್ತಾರೆ' ಅಂತ ಮೂಗು ಮುರಿಯುತ್ತಾರೆ. ಧೈರ್ಯ ಹೇಳುವುದು ಅಲ್ಲಿ ಕೆಲಸವೇ ಅಲ್ಲ.

---

ಪಿರಿಯಾಪಟ್ಟಣದಿಂದ

ನಾನು ಹೆಚ್ಚು ಓದಿದವಳಲ್ಲ, ತಪ್ಪಿದ್ದರೆ ಕ್ಷಮಿಸಿ. ಮಗಳು ಈ ಪುಟ ತೋರಿಸಿದಳು.

ನನ್ನ ಮಗ ಮೈಸೂರಲ್ಲಿ ಡಿಗ್ರಿ ಎರಡನೇ ವರ್ಷ. ಹಾಸ್ಟೆಲ್ ಊಟದ ಮನೆಗೆ ಹೋಗಲ್ಲ. ಎಲ್ಲರೂ ಉಂಡು ಹೋದ ಮೇಲೆ ಏನಾದರೂ ಉಳಿದಿದ್ದರೆ ತಿಂತಾನೆ, ಇಲ್ಲದಿದ್ದರೆ ಬಿಸ್ಕತ್ತು. ಎಂಟು ಕೇಜಿ ಇಳಿದಿದ್ದಾನೆ. ನಾವು ಮೊದಲು ಬೈದೆವು. ಗಂಡಸು ಮಗ ಹೀಗಾದರೆ ಹೇಗೆ ಅಂತ ಅವರಪ್ಪ ಮದುವೆ ಮನೆಯಲ್ಲಿ ನಾಲ್ಕು ಜನರ ಮುಂದೆ ಕೈ ಹಿಡಿದು ಎಳಕೊಂಡು ಹೋಗಿ ಪಂಕ್ತಿಗೆ ಕೂರಿಸಿದರು. ಎಲೆ ಮುಂದೆ ಕಣ್ಣೀರು ಹಾಕಿಕೊಂಡು ಕೂತಿದ್ದ. ಅದಾದ ಮೇಲೆ ಊರಿಗೆ ಬರೋದೂ ಕಡಿಮೆ ಮಾಡಿದ. ನಾವು ಮಾಡಿದ್ದು ತಪ್ಪು ಅಂತ ಹುಬ್ಬಳ್ಳಿಯವರು ಬರೆದದ್ದು ಓದಿದಾಗ ಗೊತ್ತಾಯಿತು.

ಕೆರೆಏರಿಯವರೇ, ನಿಮ್ಮ ಗುಂಪಿಗೆ ಅವನನ್ನು ಸೇರಿಸಿಕೊಳ್ಳುತ್ತೀರಾ ಅಪ್ಪಾ? ನಾನೇ ಕರೆದುಕೊಂಡು ಬಂದು ಬಿಡುತ್ತೇನೆ.

---

ಗಿರಣಿಚಾಳ

ಅವ್ವಾರ, ತಪ್ಪು ಅಂತ ಮನಸಿಗೆ ಹಚ್ಕೋಬ್ಯಾಡ್ರಿ. ಗೊತ್ತಿಲ್ದ ಮಾಡೀರಿ. ಆದ್ರ ಒಂದು ಮಾತು, ನೀವು ಕರ್ಕೊಂಡು ಹೋಗಿ ಬಿಡಬ್ಯಾಡ್ರಿ. ಅದೂ ಎಳಕೊಂಡು ಹೋದಂಗ ಆಗ್ತದ. ಈ ಪುಟ ಅವನಿಗೆ ಕಳಸ್ರಿ, ಏನೂ ಹೇಳಬ್ಯಾಡ್ರಿ. ಅಂವ ತಾನ ಓದ್ಲಿ.

---

ಮಂಗಳವಾರ_ಒಪಿಡಿ

ಗಿರಣಿಚಾಳ ಅವರು ಹೇಳಿದ್ದೇ ಸರಿ. ಅಮ್ಮ, ಎಂಟು ಕೇಜಿ ಇಳಿದಿದ್ದಾನೆ ಅಂದರೆ ಗುಂಪಿಗಿಂತ ಮೊದಲು ವೈದ್ಯರು ನೋಡಬೇಕು. ಮೈಯಲ್ಲಿ ಬೇರೆ ತೊಂದರೆ ಇದೆಯಾ ಅಂತಲೂ ನೋಡಬೇಕಾಗುತ್ತೆ. ಎರಡೂ ಒಟ್ಟಿಗೆ ನಡೆಯಲಿ. ಯಜಮಾನರಿಗೆ ಒಂದು ಮಾತು ಹೇಳಿ: ಮಗನ ಹತ್ತಿರ 'ಅವತ್ತು ಹಾಗೆ ಮಾಡಬಾರದಿತ್ತು' ಅಂತ ಒಂದು ಸಲ ಅಂದರೆ ಸಾಕು. ಆ ಮಾತಿಗೆ ಅವನು ಕಾಯ್ತಾ ಇರಬಹುದು.

---

ಕೆರೆಏರಿ

ಎಲ್ಲರ ಉತ್ತರವನ್ನೂ ಎರಡೆರಡು ಸಲ ಓದಿದೆ. ತಡ ಆಗಿದ್ದಕ್ಕೆ ಕಾರಣ ಇದೆ.

ಆ ಗೆಳೆಯರನ್ನ ಅವತ್ತೇ ಸಂಜೆ ಭೇಟಿ ಮಾಡಿದೆ. ಅಕ್ಕ ಹೇಳಿದ ಪ್ರಶ್ನೆಯನ್ನ ಹಾಗೇ ಕೇಳಿದೆ. ಕೇಳುವಾಗ ನನ್ನ ಧ್ವನಿ ನಡುಗ್ತಿತ್ತು, ಅವರಿಗೆ ಕೇಳಿಸಿತು ಅಂತಲೂ ಗೊತ್ತಿತ್ತು. 'ಹೌದು' ಅಂದರು. 14416ಕ್ಕೆ ನಾನು ಡಯಲ್ ಮಾಡಿ ಕೊಟ್ಟೆ. ನಲವತ್ತು ನಿಮಿಷ ಮಾತಾಡಿದರು. ಮಾರನೇ ದಿನ ಅವರ ಅಣ್ಣನಿಗೆ ವಿಷಯ ತಿಳಿಸಿ ಮೂವರೂ ಆಸ್ಪತ್ರೆಗೆ ಹೋದ್ವಿ. ಈಗ ಚಿಕಿತ್ಸೆ ಶುರುವಾಗಿದೆ. ಇದಕ್ಕಿಂತ ಹೆಚ್ಚು ಬರೆಯೋಕೆ ಅವರ ಒಪ್ಪಿಗೆ ಇಲ್ಲ, ಇಷ್ಟಕ್ಕೆ ಇದೆ.

ಒಂಟಿಮರ ಅವರೇ, ನೀವು ಹೇಳಿದ್ದನ್ನ ಭಾನುವಾರ ಎಲ್ಲರ ಮುಂದೆ ಓದಿದೆ. ಒಬ್ಬರಿಗೆ ಕೋಪ ಬಂತು. 'ಇಲ್ಲಿ ಮಾತ್ರ ನಾನು ನೆಮ್ಮದಿಯಾಗಿ ಇರ್ತೀನಿ, ಅದನ್ನೂ ಕಿತ್ಕೋತೀರಾ' ಅಂತ ಎದ್ದು ಹೋದರು. ಕೆರೆ ಒಂದು ಸುತ್ತು ಹಾಕಿ ವಾಪಸ್ ಬಂದರು. ಹದಿನಾಲ್ಕು ತಿಂಗಳಲ್ಲಿ ನಮ್ಮಲ್ಲಿ ಒಬ್ಬರು ಇನ್ನೊಬ್ಬರ ಮೇಲೆ ಕೋಪ ಮಾಡಿಕೊಂಡಿದ್ದು ಇದೇ ಮೊದಲು. ನಾವೆಲ್ಲ ಯಾರಿಗೂ ಬೇಜಾರಾಗಬಾರದು ಅಂತಲೇ ಬದುಕಿರೋರು, ಹಾಗಾಗಿ ಅದು ನಮಗೆ ದೊಡ್ಡ ವಿಷಯ. ಕೋಪ ಮಾಡಿಕೊಂಡು ಮತ್ತೆ ಬಂದು ಅದೇ ಬೆಂಚಲ್ಲಿ ಕೂರಬಹುದು ಅಂತ ಗೊತ್ತಾಯ್ತು. ಕೊನೆಗೆ ಒಪ್ಪಂದ ಆಗಿದ್ದು ಹೀಗೆ: ತಿಂಗಳಲ್ಲಿ ಎರಡು ಭಾನುವಾರ ಬೆಂಚು, ಎರಡು ಭಾನುವಾರ ಬೆಂಚೇ ಇಲ್ಲ, ನೇರ ದೇವರಾಜ ಮಾರ್ಕೆಟ್. ಪ್ರತಿಯೊಬ್ಬರೂ ಒಂದು ಕಡೆ ಚೌಕಾಸಿ ಮಾಡಬೇಕು. ಬುಧವಾರ ಜೋಡಿಯವರು ಒಂದು ಫೋನ್ ಮಾಡಿ 'ಈ ವಾರ ನಾವಿಲ್ಲದೆ ಎಲ್ಲಿಗೆ ಹೋದೆ?' ಅಂತ ಕೇಳಬೇಕು. ಎಲ್ಲಿಗೂ ಹೋಗಿಲ್ಲ ಅಂದರೆ ಬೈಯೋ ಹಾಗಿಲ್ಲ, ಸಮಾಧಾನವನ್ನೂ ಮಾಡೋ ಹಾಗಿಲ್ಲ. ಮುಂದಿನ ಬುಧವಾರ ಮತ್ತೆ ಕೇಳೋದು.

ಕಡಲತಡಿ ಅವರ ಪ್ರಶ್ನೆ, 'ಬೇರೆಯವರು ಏನು ಹೇಳಿದ್ರು', ಅದನ್ನ ನಾವು ತಗೊಂಡಿದ್ದೀವಿ. ಚೀಟಿಯ ಹಿಂಬದಿಗೆ ಈಗ ಅದೇ ಬರೀತೀವಿ.

ಪಿರಿಯಾಪಟ್ಟಣದ ಅಮ್ಮ, ಖಂಡಿತ ಬರಲಿ. ಆದರೆ ಅವನೇ ನನಗೆ ಸಂದೇಶ ಕಳಿಸಬೇಕು. ಎಷ್ಟು ದಿನ ಆದರೂ ಪರವಾಗಿಲ್ಲ.

---

ಪಿರಿಯಾಪಟ್ಟಣದಿಂದ

ಪುಟ ಕಳಿಸಿ ಒಂಬತ್ತು ದಿನ ಆಯಿತು. ಏನೂ ಕೇಳಲಿಲ್ಲ ನಾನು. ಅವರಪ್ಪ ಮೊನ್ನೆ ಹಾಸ್ಟೆಲ್ಲಿಗೆ ಹೋಗಿದ್ದರು, ಏನು ಮಾತಾಡಿಕೊಂಡರೋ ಹೇಳಲಿಲ್ಲ. ಡಾಕ್ಟರರಿಗೆ ತೋರಿಸಿದ್ದಾರೆ, ರಕ್ತ ಪರೀಕ್ಷೆ ಆಗಿದೆ.

---

ಮೂಲೆಬೆಂಚು (ಹೊಸ ಸದಸ್ಯ)

ಕೆರೆಏರಿ ಅಣ್ಣ, ಮೇಲೆ ಬರೆದಿರೋದು ನಮ್ಮಮ್ಮ. ಖಾಸಗಿ ಸಂದೇಶ ಕಳಿಸೋಕೆ ಬರಲಿಲ್ಲ, ಹೊಸ ಖಾತೆ ಅಂತ ಬಿಡ್ತಿಲ್ಲ. ಅದಕ್ಕೆ ಇಲ್ಲೇ ಬರೀತಿದ್ದೀನಿ. ಇದನ್ನ ಬರೆಯೋಕೆ ನಾಲ್ಕು ದಿನ ಆಯ್ತು.

ಬಂದರೆ ಮಾತಾಡಲೇಬೇಕಾ?

---

ಕೆರೆಏರಿ

ಬೇಡ. ಮೊದಲ ದಿನ ನಾವೂ ಮಾತಾಡಿಲ್ಲ. ಈ ಭಾನುವಾರ ಬೆಂಚಿನ ದಿನ, ಮಾರ್ಕೆಟ್ ಅಲ್ಲ. ಏಳೂವರೆಗೆ ಗೇಟಿನ ಹತ್ತಿರ ನೀಲಿ ಟೋಪಿ ಹಾಕ್ಕೊಂಡು ನಾನು ಒಬ್ಬನೇ ನಿಂತಿರ್ತೀನಿ, ಉಳಿದವರು ಎಂಟಕ್ಕೆ ಬರ್ತಾರೆ. ನೀನು ದೂರದಿಂದ ನೋಡಿ ವಾಪಸ್ ಹೋದರೂ ನಡೆಯುತ್ತೆ, ಅದರ ಮುಂದಿನ ಬೆಂಚಿನ ಭಾನುವಾರವೂ ಅಲ್ಲೇ ನಿಂತಿರ್ತೀನಿ.

---

ಮೂಲೆಬೆಂಚು

ಸರಿ ಅಣ್ಣ. ಹಾಸ್ಟೆಲ್ಲಿಂದ ಬಸ್ಸಲ್ಲಿ ಬರ್ತೀನಿ. ಚಿಲ್ಲರೆ ಇಟ್ಕೊಂಡೇ ಬರ್ತೀನಿ.